ಸಾಲಿನ ಕೊನೆಯಲ್ಲಿ ನಿಂತವರು

ಮುಂಬೈ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ ‘ಇವನನ್ನು ಥಾಣೆಗೆ ಕಳಿಸಬೇಕು’ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ ಅನ್ನುವ ಹಾಗೆ. ಥಾಣೆಯ ಮನೋರೋಗ ಆಸ್ಪತ್ರೆ 1901ರದು. ಡೊಂಬಿವಲಿಯಲ್ಲಿರುವ ನನಗೆ ಅದು ದಿನದ ಲೋಕಲ್ ದಾರಿಯ ಊರು. ಮೊಬೈಲಿನಲ್ಲಿ ಯುದ್ಧದ ಸುದ್ದಿ ಓದುತ್ತ ಆ ಸ್ಟೇಷನ್ ದಾಟುವಾಗ ಒಂದು ಪ್ರಶ್ನೆ ಏಳುತ್ತದೆ: ಬಾಂಬು ಬೀಳುವ ದೇಶದಲ್ಲಿ ಇಂಥ ಆಸ್ಪತ್ರೆಯ ಒಳಗಿರುವವರ ಗತಿಯೇನು? ಗಾಯಾಳುಗಳಿಗೇ ಹಾಸಿಗೆ ಸಾಲದಿರುವಾಗ ಇವರ ಪಾಲು ಎಷ್ಟು?

ಹಿಟ್ಲರನ ಜರ್ಮನಿ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತು. 1940ರಿಂದ 1941ರ ಆಗಸ್ಟ್‌ವರೆಗೆ 70,000ಕ್ಕೂ ಹೆಚ್ಚು ಮನೋರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಂದಿತು. ಅದು ರಾಕ್ಷಸರ ಕೆಲಸ ಎಂದು ನಾವು ದೂರ ಸರಿದುಬಿಡಬಹುದು. ಫ್ರಾನ್ಸಿನ ಕಥೆಯಿಂದ ಹಾಗೆ ಸರಿಯಲು ಆಗುವುದಿಲ್ಲ. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಅಲ್ಲಿನ ಮನೋರೋಗ ಆಸ್ಪತ್ರೆಗಳಲ್ಲಿ ಸುಮಾರು 40,000 ಜನ ಹಸಿವಿನಿಂದ, ಹಸಿವು ತಂದ ಕಾಯಿಲೆಗಳಿಂದ ಸತ್ತರು. ಅವರನ್ನು ಕೊಲ್ಲಿರೆಂದು ಯಾರೂ ಆಜ್ಞೆ ಹೊರಡಿಸಿರಲಿಲ್ಲ. ರೇಷನ್ ಎಲ್ಲರಿಗೂ ಕಡಿಮೆಯೇ ಇತ್ತು. ಹೊರಗಿದ್ದವರು ಕಾಳಸಂತೆಯಲ್ಲೋ ಹಳ್ಳಿಯ ನೆಂಟರಲ್ಲೋ ಒಂದಿಷ್ಟು ಹೊಂದಿಸಿಕೊಂಡರು. ಬೀಗದ ಒಳಗಿದ್ದವರಿಗೆ ಆ ದಾರಿ ಇರಲಿಲ್ಲ. ಅದೇ ದೇಶದ ಸೇಂಟ್ ಆಲ್ಬಾನ್ ಎಂಬ ಗುಡ್ಡಗಾಡು ಊರಿನ ಆಸ್ಪತ್ರೆಯಲ್ಲಿ ಮಾತ್ರ ರೋಗಿಗಳೂ ಸಿಬ್ಬಂದಿಯೂ ಸುತ್ತಲಿನ ರೈತರ ಹೊಲಗಳಿಗೆ ಹೋಗಿ ದುಡಿದು ಆಹಾರ ತಂದರು. ಹೆಚ್ಚಿನವರು ಬದುಕಿಕೊಂಡರು.

ಒಂದೇ ಬಾಟಲಿ ರಕ್ತವಿದ್ದಾಗ ವೈದ್ಯರು ಉಳಿಯುವ ಜೀವ ಯಾವುದೆಂದು ನೋಡಿ ಕೊಟ್ಟರೆ ಅದನ್ನು ನಾನು ಒಪ್ಪುತ್ತೇನೆ. ಆದರೆ ಅನ್ನವನ್ನು ಯೋಗ್ಯತೆ ನೋಡಿ ಬಡಿಸಲಾಗದು. ಫ್ರಾನ್ಸಿನ ಆ ಜನ ಸತ್ತದ್ದು ಕೇಳುವವರಿಲ್ಲದೆ. ಯುದ್ಧ ಬರುವ ಮೊದಲೇ ಊರು ಅವರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿ ಆಗಿತ್ತು.

ನಮ್ಮ ದೇಶ ಒಡೆದಾಗ ಪಂಜಾಬಿನ ಮನೋರೋಗ ಆಸ್ಪತ್ರೆ ಲಾಹೋರಿನಲ್ಲಿ ಉಳಿಯಿತು. ಕಾಶ್ಮೀರದ ಮೊದಲ ಯುದ್ಧ ಮುಗಿದ ಮೇಲೆ, 1950ರಲ್ಲಿ, ಎರಡೂ ಸರ್ಕಾರಗಳು ಧರ್ಮ ನೋಡಿ ರೋಗಿಗಳನ್ನು ಅದಲುಬದಲು ಮಾಡಿಕೊಂಡವು. ಈ ಕಡೆಗೆ ಬಂದವರು 450 ಮಂದಿ. ಮುಂಬೈ ಬಿಟ್ಟು ಲಾಹೋರಿಗೆ ಹೋದ ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಕಥೆಯಿಂದ ಇದು ಎಷ್ಟೋ ಜನಕ್ಕೆ ಗೊತ್ತು. ಅದರ ಮುಂದಿನ ಅಧ್ಯಾಯವನ್ನು ಬರೆದವರು ಅಮೃತಸರದ ಆಸ್ಪತ್ರೆಯ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ, ಜಾಗ ಸಾಲದೆ, ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ನೋಡಿಕೊಳ್ಳುವುದು ಹೇಗೆಂದು ಕಲಿತವರು ತಮ್ಮವರನ್ನು ಮನೆಗೆ ಕರೆದುಕೊಂಡು ಹೋದರು.

ಈಗ ನಮ್ಮಲ್ಲಿ ಕಾನೂನು ಇದೆ. ಮನೆಯವರಿಲ್ಲ, ಅಥವಾ ಅವರು ಒಪ್ಪುವುದಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆದರೂ ಗುಣವಾದ ಮೇಲೂ ಒಳಗೇ ಉಳಿದವರಿಗಾಗಿ ಮನೋವೈದ್ಯ ಡಾ. ಹರೀಶ್ ಶೆಟ್ಟಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಮನೆಯವರನ್ನು ಬೈಯುವುದು ಸುಲಭ. ಕಲ್ಯಾಣದ ಒನ್ ರೂಮ್ ಕಿಚನ್ನಿನಲ್ಲಿ ಐದು ಜನ, ಮುಂಜಾನೆಯ ಲೋಕಲ್ ಹಿಡಿದವರು ಮನೆ ಸೇರುವುದು ರಾತ್ರಿಗೆ. ಹಗಲೆಲ್ಲ ಯಾರು ಜೊತೆಗಿರಬೇಕು? ಊರಲ್ಲಾದರೆ ಅಕ್ಕಪಕ್ಕದವರು ಒಂದು ಕಣ್ಣಿಟ್ಟಿರುತ್ತಿದ್ದರು. ಇಲ್ಲಿ ಆ ಅಕ್ಕಪಕ್ಕವನ್ನು ನಾವೇ ಕಟ್ಟಿಕೊಳ್ಳಬೇಕು. ಡೊಂಬಿವಲಿಯಿಂದ ನವಿ ಮುಂಬೈವರೆಗೆ ನಮಗೆ ಕನ್ನಡ ಸಂಘಗಳಿವೆ, ನಾಡಹಬ್ಬ ಮಾಡುತ್ತೇವೆ, ಯಕ್ಷಗಾನ ಆಡಿಸುತ್ತೇವೆ. ಇಂಥವರೊಬ್ಬರು ಇರುವ ಮನೆಗೆ ವಾರಕ್ಕೊಂದು ಮಧ್ಯಾಹ್ನ ಹೋಗಿ, ಆ ತಾಯಿಗೋ ಹೆಂಡತಿಗೋ ‘ನೀವು ಹೊರಗೆ ಹೋಗಿಬನ್ನಿ ಅಕ್ಕ, ಅಲ್ಲಿವರೆಗೆ ನಾನಿರುತ್ತೇನೆ’ ಎನ್ನುವುದು ಅದಕ್ಕಿಂತ ಕಷ್ಟದ್ದೇನಲ್ಲ.