ವೇತನವೂ ಸೇವೆಯೂ

ವಿಜಯದಶಮಿಯಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಯಿಸುವ ಪುರೋಹಿತರಿಗೆ ನಾವು ದಕ್ಷಿಣೆಯಿತ್ತು ನಮಸ್ಕರಿಸುತ್ತೇವೆ. ಅಂತಹ ಎಳೆಯ ಬೆರಳುಗಳನ್ನು ವರ್ಷವಿಡೀ ತಿದ್ದುವ ಸರ್ಕಾರಿ ಶಾಲೆಯ ಉಪಾಧ್ಯಾಯಿನಿಯನ್ನು ಕುರಿತು ಮಾತ್ರ ‘ಸಂಬಳಕ್ಕೆ ದುಡಿಯುವವರು’ ಎನ್ನುತ್ತೇವೆ. ಪುರೋಹಿತರ ಮಗನಾದ ನನಗೆ ಈ ಮಾತು ಸರಿದೋರದು. ದಕ್ಷಿಣೆಯಿಂದ ಪೂಜೆ ಕೆಡದಿದ್ದರೆ, ವೇತನದಿಂದ ಸೇವೆ ಕೆಡುವುದೆಂತು?

1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಕೂಡಿ ರೂಪಿಸಿದ ‘ನಲಿ-ಕಲಿ’ ಮುಂದೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಪ್ರತಿಯೊಂದು ಮಗುವೂ ತನ್ನ ಯೋಗ್ಯತೆಗೆ ತಕ್ಕ ಗತಿಯಲ್ಲಿ ಕಲಿಯಲಿ ಎಂಬುದೇ ಅದರ ತಿರುಳು. ಹಾಗೆ ಕಾಯುವ ತಾಳ್ಮೆಗೆ ಯಾವ ಸರ್ಕಾರವೂ ಬೆಲೆ ಕಟ್ಟಲಾರದು.

ರಾಜಾಜಿನಗರದ ಆಸ್ತಿಕ ಬಂಧುಗಳೇ, ದಸರಾ ರಜೆ ಮುಗಿದೊಡನೆ ಮಕ್ಕಳೊಂದಿಗೆ ಸಮೀಪದ ಶಾಲೆಗೂ ಹೋಗಿ, ಆ ತಾಯಿಗೂ ಒಂದು ನಮಸ್ಕಾರ ಸಲ್ಲಿಸೋಣ.