ಟಾರ್ಚ್ ಹಿಡಿದವಳು

ಇಪ್ಪತ್ತು ವರ್ಷ ನಾನು ಟಾರ್ಚ್ ಹಿಡಿದಿದ್ದೇನೆ. ಭಾನುವಾರ ತಿಂಡಿ ಮುಗಿದದ್ದೇ ತಡ, ನಮ್ಮವರು ಹಳೆಯ ಲುಂಗಿ ಉಟ್ಟು ಕಾರಿನ ಬಾನೆಟ್ ಎತ್ತುತ್ತಿದ್ದರು. "ಸ್ವಲ್ಪ ಬೆಳಕು ಬಿಡೇ" ಎಂದರೆ ನಾನು ಒಲೆ ಆರಿಸಿ ಹೋಗಬೇಕು. ಬೇಕಾದ ಕಡೆ ಬಿಟ್ಟು ಮಿಕ್ಕೆಲ್ಲ ಕಡೆಗೂ ಬೆಳಕು ಬಿಡುತ್ತೇನೆಂಬುದು ಅವರ ಖಾಯಂ ದೂರು. ಪ್ಲಗ್ ಉಜ್ಜುವುದು, ವಾಲ್ವಿನ ಸಂದು ಸರಿಮಾಡುವುದು, ಫ್ಯಾನ್ ಬೆಲ್ಟ್ ಬಿಗಿಯುವುದು ಎಲ್ಲವನ್ನೂ ನೋಡಿದ್ದೇನೆ, ಯಾವುದನ್ನೂ ಮಾಡಿಲ್ಲ. ಹನ್ನೆರಡು-ಹದಿಮೂರರ ಸ್ಪ್ಯಾನರ್ ಯಾವುದೆಂದು ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ.

ಅವರು ಹೋಗಿ ಆರು ವರ್ಷ. 1999ರಲ್ಲಿ ಕೊಂಡ ಮಾರುತಿ 800 ಇನ್ನೂ ಇದೆ. ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್. 2014ರಲ್ಲಿ ಕಂಪನಿಯೇ ಈ ಕಾರನ್ನು ತಯಾರಿಸುವುದು ನಿಲ್ಲಿಸಿತು. ಅದೇ ವರ್ಷ ನಮ್ಮದಕ್ಕೆ ಹದಿನೈದು ತುಂಬಿ, ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಒಯ್ದು ಇನ್ನೂ ಓಡಬಲ್ಲದೆಂದು ತೋರಿಸುವ ಪಾಡು ಶುರುವಾಯಿತು. ಅತ್ತೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಬಹುದಾದ ಈ ಕಾರೇ ಅವರ ಕಾಲು.

ಕಳೆದ ಬೇಸಗೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದೆವು. ಮಂಡಗದ್ದೆ ದಾಟಿದ ಮೇಲೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಕಂಡಿರಲಿಲ್ಲ ಎಂದು ಮೊದಲು ಎಲ್ಲರಿಗೂ ಹೇಳಿದೆ. ಕಂಡಿತ್ತು. ಇನ್ನು ಸ್ವಲ್ಪ ದೂರ ತಾನೆ ಎಂದು ಓಡಿಸಿದೆ. ಗಾಜನೂರಿನ ಹತ್ತಿರ ಬಾನೆಟ್ಟಿನಿಂದ ಹಬೆ, ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ. ಅತ್ತೆ ರಸ್ತೆಬದಿಯ ಮರದಡಿ ಒಂದು ಗಂಟೆ ಕೂತರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಮ್ಮ ಮೆಕ್ಯಾನಿಕ್ ಸಾಬರು ಆಯಿಲ್ ಮುಚ್ಚಳ ತೆಗೆದು ನನಗೇ ತೋರಿಸಿದರು. ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣ. ರೇಡಿಯೇಟರಿನ ನೀರು ಎಣ್ಣೆಗೆ ಸೇರಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಮ್ಮಾ." ಹದಿನಾಲ್ಕು ಸಾವಿರ ಆಗಬಹುದೆಂದರು. ಗುಜರಿಯವನು ಇಡೀ ಕಾರಿಗೆ ಇಪ್ಪತ್ತೆರಡು ಸಾವಿರ ಕೊಡುತ್ತೇನೆಂದಿದ್ದ.

ಗ್ಯಾಸ್ಕೆಟ್ ಎಂಬ ಮಾತು ಕೇಳಿದ್ದೇ ನನಗೆ ಧೈರ್ಯ ಬಂತು. ಕುಕ್ಕರಿನದನ್ನು ನಾವು ಯಾರನ್ನು ಕೇಳಿ ಬದಲಾಯಿಸುತ್ತೇವೆ, ಹೇಳಿ? ಇದೂ ಅದರ ಅಣ್ಣ. ಹಬೆ, ಒತ್ತಡ ಹೊರಗೆ ಹೋಗದಂತೆ ತಡೆಯುವ ಪಟ್ಟಿ. ಸ್ಪ್ಯಾನರುಗಳು ಮನೆಯಲ್ಲಿವೆ, ಅವರು ಕೊಂಡ ಸರ್ವಿಸ್ ಪುಸ್ತಕವಿದೆ, ಪಕ್ಕದ ಮನೆಯ ಡಿಪ್ಲೊಮಾ ಹುಡುಗನಿದ್ದಾನೆ. ನಾನೇ ಯಾಕೆ ಮಾಡಬಾರದು? ಹಣ ಉಳಿಯುತ್ತದೆಂಬುದು ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ, ಒಮ್ಮೆಯಾದರೂ ಟಾರ್ಚನ್ನು ಬೇರೆಯವರ ಕೈಗೆ ಕೊಡಬೇಕೆಂಬ ಆಸೆ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯನ್ನು ಕೇಳಿದೆ. "ನಾನು ರಿಪೇರಿ ಮಾಡಿದ ಕಾರಿನಲ್ಲಿ ಕೂರ್ತೀರಾ?"

"ಕೂರ್ತೀನಮ್ಮ. ಕೂರದೆ ಇನ್ನೇನು ಮಾಡ್ಲಿ?"

ಮೊದಲ ಮಾತಿಗೆ ಹಿಗ್ಗಿದೆ. ಎರಡನೆಯದು ಆ ರಾತ್ರಿ ನಿದ್ದೆ ಕೊಡಲಿಲ್ಲ. ಒಲ್ಲೆ ಎನ್ನಲು ಬೇರೆ ದಾರಿಯೇ ಇಲ್ಲದವರು 'ಹೂಂ' ಎಂದರೆ ಅದನ್ನು ಒಪ್ಪಿಗೆ ಎನ್ನಬಹುದೆ? ಮದುವೆಯಾದ ಹೊಸದರಲ್ಲಿ ನಾನೂ ಈ ಮನೆಯಲ್ಲಿ ಎಷ್ಟೋ ಸಲ ಹಾಗೆ 'ಹೂಂ' ಎಂದಿದ್ದೆ. ಈಗ ಅದೇ ದನಿ ಅವರ ಬಾಯಲ್ಲಿ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ ಅವಳು ಬರ್ತಾ ಬೆಂಜ್‌ಳ ಕತೆ ತೆಗೆದಳು. 1888ರಲ್ಲಿ ಆಕೆ ಗಂಡನಿಗೆ ಹೇಳದೆ ಅವನ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಸುಮಾರು ನೂರು ಕಿಲೋಮೀಟರ್ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. "ನೋಡಮ್ಮ, ಅವಳು ಯಾರನ್ನಾದರೂ ಕೇಳಿದಳಾ?" ಎಂದಳು ಮಗಳು. ಬ್ರೇಕ್ ಸವೆದಾಗ ಆಕೆ ಚಮ್ಮಾರನನ್ನು ಹುಡುಕಿ ಚರ್ಮ ಹೊಡೆಸಿದ್ದಳೆಂದು ನಾನೂ ಓದಿದ್ದೆ. ಪಿನ್ನಿನ ಕೆಲಸ ತಾನು ಮಾಡಿದಳು, ಬ್ರೇಕಿನದನ್ನು ಬಲ್ಲವನಿಗೆ ಕೊಟ್ಟಳು. ಜೊತೆಗಿದ್ದ ಇಬ್ಬರು ಗಂಡುಮಕ್ಕಳು ಏರು ಬಂದಾಗ ಇಳಿದು ಗಾಡಿ ತಳ್ಳಿದರು. ನಮ್ಮ ಅತ್ತೆಗೆ ಇಳಿಯಲೂ ಆಗದು.

ಮರುದಿನ ಸಾಬರ ಬಳಿ ಹೋದೆ. ಕಂಪ್ಯೂಟರ್ ಇರುವ ಹೊಸ ಕಾರುಗಳು ಅವರ ತಗಡಿನ ಶೆಡ್ಡಿಗೆ ಬರುವುದು ಕಡಿಮೆ. ನಮ್ಮಂಥ ಹಳಬರ ಕಾರುಗಳಲ್ಲೇ ಅವರ ಸಂಸಾರ ನಡೆಯಬೇಕು. ಅವರ ಅನ್ನಕ್ಕೆ ಕೈ ಹಾಕುತ್ತಿದ್ದೇನೇನೋ ಎಂದು ಅಳುಕುತ್ತಲೇ ಹೇಳಿದೆ. ಅವರು ನಗಲಿಲ್ಲ.

"ಬಿಚ್ಚೋಕೆ ಯಾರಾದ್ರೂ ಬಿಚ್ತಾರೆ ಅಮ್ಮಾ. ಬಿಗಿಯೋದ್ರಲ್ಲೇ ಇರೋದು. ಬಿಗಿಯೋ ದಿನ ನಾನು ಬರ್ತೀನಿ. ದಿನದ ಕೂಲಿ ಕೊಡಿ."

ಹಾಗೇ ಆಯಿತು. ಎಂಜಿನ್ ಪೂರ್ತಿ ತಣಿದ ಮೇಲೆ ಪೋರ್ಟಿಕೋದಲ್ಲಿ ಹಳೆಯ ಸೀರೆ ಹಾಸಿ ಮೂರು ದಿನ ಬಿಚ್ಚಿದೆ. ಟಾರ್ಚ್ ಹಿಡಿದವನು ಪಕ್ಕದ ಮನೆಯ ಹುಡುಗ. ಅವನೂ ಬೇಕಾದ ಕಡೆ ಬಿಟ್ಟು ಮಿಕ್ಕೆಲ್ಲ ಕಡೆಗೂ ಬೆಳಕು ಬಿಟ್ಟ. ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿಟ್ಟೆ. ಟೈಮಿಂಗ್ ಬೆಲ್ಟಿನ ಗುರುತಿನ ಚಿತ್ರ ಬರೆದುಕೊಂಡೆ. ಕೆಟ್ಟ ಆಯಿಲನ್ನು ಚರಂಡಿಗೆ ಬಿಡದೆ ಡಬ್ಬಕ್ಕೆ ತುಂಬಿದೆ. ಎತ್ತಿದ ಹೆಡ್ಡನ್ನು ಲೇತ್‌ನವರು ಅಳೆದು ಸೊಟ್ಟಗಾಗಿದೆ ಎಂದರು. ಅಲ್ಯುಮಿನಿಯಂ ಅತಿಯಾಗಿ ಕಾದರೆ ಹಾಗಾಗುತ್ತದೆ. ಗಾಜನೂರಿನವರೆಗೆ ನಾನು ಓಡಿಸಿದ 'ಸ್ವಲ್ಪ ದೂರ' ಅದು. ಮಟ್ಟ ಮಾಡಿಸಿ ತಂದೆ.

ಬಿಗಿಯುವ ದಿನ ಸಾಬರು ತಮ್ಮ ಟಾರ್ಕ್ ಸ್ಪ್ಯಾನರ್ ತಂದು ಸ್ಟೂಲಿನ ಮೇಲೆ ಕೂತರು. ನಡುವಿನ ಬೋಲ್ಟಿನಿಂದ ಹಿಡಿದು ಅಂಚಿಗೆ, ಒಂದೇ ಸಲ ಅಲ್ಲ, ಸುತ್ತು ಸುತ್ತಾಗಿ. ಹಪ್ಪಳ ಲಟ್ಟಿಸುವುದೂ ಹೀಗೇ. ಒಂದು ಬೋಲ್ಟಿನ ಸರದಿ ತಪ್ಪಿಸಿದೆ. ಅವರು ಕೆಮ್ಮಿದರು. ಎಲ್ಲವನ್ನೂ ಸಡಿಲಿಸಿ ಮೊದಲಿನಿಂದ ಶುರುಮಾಡಿದೆ. ಆ ಕೆಮ್ಮಿಗೇ ನಾನು ಕೂಲಿ ಕೊಟ್ಟದ್ದು ಎಂದು ಈಗಲೂ ಅನ್ನಿಸುತ್ತದೆ.

ಕಾರು ಚಾಲೂ ಆಯಿತು. ಆದರೂ ಹದಿನೈದು ದಿನ ಅತ್ತೆಯನ್ನು ಅದರಲ್ಲಿ ಕೂರಿಸಲಿಲ್ಲ. ಆಸ್ಪತ್ರೆಗೆ ಆಟೊ ಗೊತ್ತು ಮಾಡಿದೆ. ನಾನೊಬ್ಬಳೇ ದಿನಾ ಬೆಳಿಗ್ಗೆ ಸಕ್ರೆಬೈಲಿನವರೆಗೆ ಹೋಗಿ ಬಂದು ನೀರು, ಆಯಿಲ್ ನೋಡುತ್ತಿದ್ದೆ. ಆಟೊ, ಪೆಟ್ರೋಲು, ಲೇತು, ಕೂಲಿ ಎಲ್ಲ ಕೂಡಿದರೆ ಉಳಿದದ್ದು ಅಷ್ಟಕ್ಕಷ್ಟೆ. ಮಗಳಿಗೆ ಲೆಕ್ಕ ಹೇಳಿಲ್ಲ.

ಹದಿನಾರನೆಯ ದಿನ ಅತ್ತೆ ತಮ್ಮ ಚೀಲ ಹಿಡಿದು ಹೊರಗೆ ಬಂದರು. ಹಿಂದಿನ ಬಾಗಿಲು ತೆರೆದು ಹಿಡಿದೆ. ಅವರು ಅದನ್ನು ಬಿಟ್ಟು ಮುಂದಿನ ಬಾಗಿಲಿಗೆ ಕೈ ಹಾಕಿದರು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಕೂತು, ಸೆರಗು ಒಳಗೆಳೆದುಕೊಂಡು, ಕನ್ನಡಕ ಏರಿಸಿದರು.

"ಆ ಬಿಸಿ ತೋರಿಸೋ ಮುಳ್ಳು ಯಾವುದು, ತೋರ್ಸು."

ತೋರಿಸಿದೆ. ಎಲ್ಲಿಗೆ ಬಂದರೆ ನಿಲ್ಲಿಸಬೇಕೆಂಬುದನ್ನೂ ಹೇಳಿದೆ. ಆಸ್ಪತ್ರೆಯವರೆಗೂ ಅವರು ರಸ್ತೆ ನೋಡಲಿಲ್ಲ.