ಮಣ್ಣು ಯಾರ ಸ್ವತ್ತು?

ಖಾನಾಪುರದ ಹತ್ತಿರ ಅಬ್ಬಾ ಬಿಟ್ಟುಹೋದ ಎರಡೆಕರೆ ಹೊಲವಿದೆ. ಅದರ ಮಣ್ಣನ್ನು ಆಳೆತ್ತರ ಅಗೆದು ಒಯ್ಯುತ್ತೇವೆಂದು ಇಟ್ಟಿಗೆ ಭಟ್ಟಿಯವರೊಬ್ಬರು ಕೇಳಿದರು. ನಾವು ಅಣ್ಣತಮ್ಮಂದಿರು ಬೆಳಗಾವಿಯ ಮನೆಯಲ್ಲಿ ಕೂಡಿದೆವು. ತಮ್ಮನ ಮಗಳ ಕಾಲೇಜಿನ ಫೀ ಕಟ್ಟಬೇಕಿತ್ತು. ಹೊಲ ನಮ್ಮದಾಗಿಯೇ ಉಳಿಯುತ್ತದೆ. ಹೋಗುವುದು ಬರೀ ಮಣ್ಣು ತಾನೆ?

ಆದರೆ ಈ ಬರೀ ಮಣ್ಣು ಬಂದದ್ದಾದರೂ ಎಲ್ಲಿಂದ? ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾರಸ ಉಕ್ಕಿತು. ಅದು ಪದರ ಪದರವಾಗಿ ಹರಿದು ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯಾಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿರುವ ಆ ಶಿಲೆಯ ದಕ್ಷಿಣದ ಅಂಚು ನಮ್ಮ ಬೆಳಗಾವಿ ಸೀಮೆ. ಖಾನಾಪುರದಲ್ಲಿ ಅದಕ್ಕಿಂತಲೂ ಹಳೆಯ ಶಿಲೆಗಳು ಕಾಣುತ್ತವೆ. ಮಳೆ ಕಡಿಮೆಯಾದ ಪೂರ್ವದಲ್ಲಿ ಬಸಾಲ್ಟ್ ಸವೆದು ಜೋಳದ ಎರೆಭೂಮಿಯಾಯಿತು. ಪಶ್ಚಿಮದ ಜಡಿಮಳೆಯಲ್ಲಿ ಸಿಲಿಕಾ ತೊಳೆದುಹೋಗಿ, ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶದಿಂದ ಕೆಂಪು ಜಂಬಿಟ್ಟಿಗೆಯೂ ಬಾಕ್ಸೈಟೂ ಆದವು. ನೀರು ಹೊತ್ತು ತಂದ ನುಣುಪು ಜೇಡಿಮಣ್ಣು ತಗ್ಗಿನಲ್ಲಿ ನಿಂತಿತು. ಖಾನಾಪುರದ ಮಡಕೆ, ಹೆಂಚು, ಇಟ್ಟಿಗೆಗಳಿಗೆಲ್ಲ ಅದೇ ಮೂಲ.

ನೀರಿನ ಕಥೆಯೂ ಇಂಥದೇ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಅದೇ ತಾಲ್ಲೂಕಿನ ಮಹದಾಯಿ ಪಶ್ಚಿಮಕ್ಕೆ ಗೋವೆಯ ಕಡಲಿಗೆ ಇಳಿಯುತ್ತದೆ. ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ಆ ನೀರಿನ ಜಗಳ ನಿಂತಿಲ್ಲ. ನಾವು ಹಂಚಿಕೊಳ್ಳಲು ಬಡಿದಾಡುವ ಈ ಸಂಪತ್ತಿನಲ್ಲಿ ನಮ್ಮಲ್ಲಿ ಯಾರೊಬ್ಬರ ಬೆವರೂ ಇಲ್ಲ!

ಹಾಗೆಂದು ಮಣ್ಣನ್ನು ಮುಟ್ಟಲೇಬಾರದೆ? ನಾವು ಕುಳಿತು ಮಾತಾಡಿದ ಮನೆಯೇ ಯಾರದೋ ಹೊಲದ ಮಣ್ಣು ಸುಟ್ಟು ಮಾಡಿದ ಇಟ್ಟಿಗೆಯದು. ನೆರೆಹೊಲದ ಕುಂಬಾರಜ್ಜನನ್ನು ಕೇಳಿದೆವು.

"ನಾವೂ ತಗೀತೀವ್ರಿ ಸಾಹೇಬ್ರ. ಆದ್ರ ಮ್ಯಾಲಿನ ಮಣ್ಣ ಬ್ಯಾರೆ ಇಟ್ಟು ತಿರುಗಿ ತಗ್ಗಿಗೆ ಹಾಕ್ತೀವಿ. ಮುಂದಿನವ್ರು ಉಣಬೇಕಲ್ರಿ?" ಎಂದ.

ನಮ್ಮ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬಳಸುವುದು ಬೇರೆ, ಮುಗಿಸಿಬಿಡುವುದು ಬೇರೆ. ಉತಾರೆಯಲ್ಲಿ ಹೆಸರಿದ್ದರೆ ಬೇರೆಯವರು ಕಸಿಯುವಂತಿಲ್ಲ, ನಿಜ. ಆದರೆ ನಾವೇ ಬರಿದು ಮಾಡಬಹುದೆಂದು ಉತಾರೆ ಹೇಳುವುದಿಲ್ಲ. ಒಂದು ಅಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕು. ಅದು ಸ್ವತ್ತಲ್ಲ, ಅಮಾನತ್ತು.

ಮಗುವಿನ ಓದೂ ಅಮಾನತ್ತೇ ಅಲ್ಲವೆ ಎಂದು ತಮ್ಮ ಕೇಳಿದ. ಅವನ ಮಾತು ಸುಳ್ಳಲ್ಲ. ಮಣ್ಣು ಮಾರಲಿಲ್ಲ; ಫೀಗಾಗಿ ಮೂವರೂ ಸೇರಿ ಸಾಲ ಮಾಡಿದೆವು, ಇನ್ನೂ ತೀರಿಸುತ್ತಿದ್ದೇವೆ. ಹಣ ಕೈಗೆ ಬರುವ ಮುಂಚೆ ಧರ್ಮಸೂಕ್ಷ್ಮ ಮಾತಾಡುವುದು ಸುಲಭ, ಕಂತು ಕಟ್ಟುವಾಗ ಅದರ ಬೆಲೆ ತಿಳಿಯುತ್ತದೆ.

ಅಬ್ಬಾನ ಕಬರಿಗೆ ನಾವು ಮೂರು ಮೂರು ಹಿಡಿ ಮಣ್ಣು ಹಾಕಿದ್ದೆವು. ಅಷ್ಟು ಮಣ್ಣನ್ನಾದರೂ ಮುಂದಿನವರಿಗೆ ಉಳಿಸದೆ ಹೋಗುವುದು ಸರಿಯೆ?